ಸ್ವೆನ್ಸನ್ ಬರೆಯೋದು ಯಾಕೆ ನಿಲ್ಲಿಸಿದರು? ಬೆಂಕಿಗೆ ಬಿದ್ದ ಸಿಂಫನಿಯ ಕಥೆ ಎಷ್ಟು ನಿಜ?

ಪ್ರಶ್ನೆ: ನಾರ್ವೆಯ ಸಂಗೀತ ರಚನಕಾರ ಗ್ರೀಗ್ ಸಂಗೀತ ಕೇಳುತ್ತಾ ಕೇಳುತ್ತಾ ಯೋಹಾನ್ ಸ್ವೆನ್ಸನ್ ಅನ್ನೋ ಅಲ್ಲಿಯ ಇನ್ನೊಬ್ಬ ರಚನಕಾರರ ಹೆಸರು ಸಿಕ್ಕಿತು. ಅವರ ಎರಡು ಸಿಂಫನಿ (ದೊಡ್ಡ ವಾದ್ಯವೃಂದಕ್ಕೆ ಬರೆದ, ಹಲವು ಭಾಗಗಳ ಕೃತಿ) ಕೇಳಿದೆ, ತುಂಬಾ ಹಿಡಿಸಿತು. ಆದರೆ ನಲವತ್ತು ದಾಟಿದ ಮೇಲೆ ಅವರು ದೊಡ್ಡದೇನೂ ಬರೆಯಲಿಲ್ಲವಂತೆ. ಮೂರನೇ ಸಿಂಫನಿಯನ್ನು ಹೆಂಡತಿಯೇ ಬೆಂಕಿಗೆ ಹಾಕಿದರು, ಅದಕ್ಕೇ ಬರೆಯೋದು ಬಿಟ್ಟರು ಅಂತ ಓದಿದೆ. ಇದು ನಿಜವಾ? ಅವರ ಸಂಗೀತವನ್ನು ಎಲ್ಲಿಂದ ಶುರು ಮಾಡಿ ಕೇಳಬೇಕು?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಬೆಂಕಿಯ ಕಥೆ ಹಳೆಯದು, ಸುಮ್ನೆ ಕಟ್ಟುಕಥೆ ಅಂತ ತಳ್ಳಿಹಾಕೋ ಹಾಗೂ ಇಲ್ಲ. ಆದರೆ ಸ್ವೆನ್ಸನ್ ಬರೆಯೋದು ಬಿಟ್ಟಿದ್ದಕ್ಕೆ ಅದೇ ಕಾರಣ ಅಂದರೆ ನಾನು ಒಪ್ಪಲ್ಲ. ಅವರಿಗೆ ಬೇಕಿದ್ದದ್ದು ಒಂದು ಒಳ್ಳೆಯ ಆರ್ಕೆಸ್ಟ್ರಾ, ಅಂದರೆ ವಾದ್ಯವೃಂದ. ಹುಟ್ಟಿದ ಊರಲ್ಲಿ ಅದು ಇರಲಿಲ್ಲ. ಬೇರೆ ಊರಲ್ಲಿ ಸಿಕ್ಕಿತು, ಆಮೇಲೆ ಅದನ್ನು ನಡೆಸೋ ಕೆಲಸವೇ ಅವರ ದಿನವನ್ನೆಲ್ಲ ತಿಂದಿತು. ಇದನ್ನು ನಷ್ಟ ಅಂತ ಮಾತ್ರ ನೋಡೋದು ಸರಿಯಲ್ಲ ಅನ್ನೋದು ನನ್ನ ವಾದ. ಯಾಕೆ ಅಂತ ಹೇಳೋಕೆ ಸ್ವಲ್ಪ ಹಿಂದಿನಿಂದ ಬರಬೇಕು.

ಸ್ವೆನ್ಸನ್ ಹುಟ್ಟಿದ್ದು 1840ರ ಸೆಪ್ಟೆಂಬರ್ 30ರಂದು, ಕ್ರಿಸ್ಟಿಯಾನಿಯಾದಲ್ಲಿ. ಇವತ್ತಿನ ಓಸ್ಲೋಗೆ ಆಗ ಇದ್ದ ಹೆಸರು ಅದು. ಅಪ್ಪ ಮಿಲಿಟರಿ ಬ್ಯಾಂಡಿನವರು, ಮಗನಿಗೆ ಮೊದಲು ಪಾಠ ಹೇಳಿಕೊಟ್ಟವರೂ ಅವರೇ. ಹುಡುಗ ಪಿಟೀಲು ಕಲಿತ, ಕ್ಲಾರಿನೆಟ್ ಕಲಿತ, ಹದಿನೈದಕ್ಕೆಲ್ಲ ಸೈನ್ಯ ಸೇರಿ ಬ್ಯಾಂಡಿನಲ್ಲಿ ಊದತೊಡಗಿದ. ಜೊತೆಗೆ ನಾಟಕದ ಥಿಯೇಟರಿನಲ್ಲಿ ಪಿಟೀಲು, ಡ್ಯಾನ್ಸ್ ನಡೆಯುವ ಕಡೆ ಪಿಟೀಲು. ಈ ಬಾಲ್ಯವನ್ನು ಸ್ವಲ್ಪ ಗಮನಿಸಿ. ಗ್ರೀಗ್ ಬೆಳೆದದ್ದು ಬೆರ್ಗನ್ನಿನ ಅನುಕೂಲಸ್ಥ ಮನೆಯಲ್ಲಿ, ಪಿಯಾನೋ ಮುಂದೆ, ತಾಯಿಯ ಹತ್ತಿರ ಪಾಠ ಕಲಿಯುತ್ತಾ. ಸ್ವೆನ್ಸನ್ ಬೆಳೆದದ್ದು ವಾದ್ಯದವರ ನಡುವೆ, ಅವರಲ್ಲಿ ಒಬ್ಬನಾಗಿ. ತುತ್ತೂರಿಯವನಿಗೆ ಉಸಿರು ಎಲ್ಲಿ ಬೇಕು, ಕ್ಲಾರಿನೆಟ್ ಯಾವ ಸ್ಥಾಯಿಯಲ್ಲಿ ಮೆತ್ತಗಾಗುತ್ತದೆ, ಎರಡನೇ ಪಿಟೀಲಿನವನಿಗೆ ಯಾವುದು ಕೈಗೆ ಸಲೀಸು, ಇದೆಲ್ಲ ಅವರಿಗೆ ಪುಸ್ತಕದಿಂದ ಬಂದಿದ್ದಲ್ಲ. ಅವರ ಬರವಣಿಗೆಯಲ್ಲೂ ಆಮೇಲೆ ಅವರ ಕಂಡಕ್ಟಿಂಗಿನಲ್ಲೂ (ಆರ್ಕೆಸ್ಟ್ರಾ ಮುಂದೆ ನಿಂತು ಅದನ್ನು ನಡೆಸುವುದರಲ್ಲೂ) ಕಾಣುವ ಶಕ್ತಿ ಒಂದೇ, ಅದು ಬಂದಿದ್ದು ಇಲ್ಲಿಂದ.

ಇಪ್ಪತ್ತು ದಾಟಿದ ಮೇಲೆ ಪಿಟೀಲು ಹೆಗಲಿಗೇರಿಸಿಕೊಂಡು ಸ್ವೀಡನ್, ಉತ್ತರ ಜರ್ಮನಿ ಅಂತ ಊರೂರು ತಿರುಗಿ ನುಡಿಸಿದರು. ಲ್ಯೂಬೆಕ್ ತಲುಪುವ ಹೊತ್ತಿಗೆ ಜೇಬು ಖಾಲಿ. ಅಲ್ಲಿದ್ದ ಸ್ವೀಡನ್-ನಾರ್ವೆ ಕಾನ್ಸಲ್ ಇವರ ಪ್ರತಿಭೆ ನೋಡಿ, ರಾಜ ಹದಿನೈದನೇ ಕಾರ್ಲ್ ಕಡೆಯಿಂದ ವಿದ್ಯಾರ್ಥಿವೇತನ ಸಿಗುವಂತೆ ಮಾಡಿದರು. ಆಗ ನಾರ್ವೆ, ಸ್ವೀಡನ್ ಎರಡಕ್ಕೂ ಒಬ್ಬನೇ ರಾಜ. ಹೀಗೆ 1863ರ ಕೊನೆಗೆ ಸ್ವೆನ್ಸನ್ ಜರ್ಮನಿಯ ಲೈಪ್ಜಿಗ್ ಕನ್ಸರ್ವೇಟರಿ ಅನ್ನೋ ಸಂಗೀತ ಶಾಲೆ ಸೇರಿದರು. ಉದ್ದೇಶ ಪಿಟೀಲು ವಿದ್ವಾಂಸರಾಗುವುದು. ಗುರು ಫರ್ಡಿನಾಂಡ್ ಡೇವಿಡ್, ಜರ್ಮನ್ ರಚನಕಾರ ಮೆಂಡೆಲ್‌ಸನ್ನರ ಪಿಟೀಲು ಕನ್ಸರ್ಟೋವನ್ನು (ಒಂದು ಸೋಲೋ ವಾದ್ಯ ಮತ್ತು ಆರ್ಕೆಸ್ಟ್ರಾಗೆ ಬರೆದ ಕೃತಿ) ಮೊದಲ ಬಾರಿ ನುಡಿಸಿದವರು. ಆದರೆ ಕೈಬೆರಳಿನ ತೊಂದರೆ ಶುರುವಾಗಿ ಆ ದಾರಿ ಮುಚ್ಚಿಹೋಯಿತು. ಕಂಪೋಸಿಷನ್, ಅಂದರೆ ಸಂಗೀತ ಬರೆಯೋದರ ಕಡೆ ತಿರುಗಿದರು. ಹಾಪ್ಟ್‌ಮಾನ್, ರಿಕ್ಟರ್, ರೈನೆಕೆ ಪಾಠ ಮಾಡಿದರು.

ವಿದ್ಯಾರ್ಥಿಯಾಗಿ ಅವರು ಬರೆದಿದ್ದನ್ನು ನೋಡಿದರೆ ಆಶ್ಚರ್ಯ ಆಗುತ್ತದೆ. ಒಂದು ಸ್ಟ್ರಿಂಗ್ ಕ್ವಾರ್ಟೆಟ್ (ನಾಲ್ಕು ತಂತಿವಾದ್ಯಗಳಿಗೆ), ಒಂದು ಆಕ್ಟೆಟ್ (ಎಂಟಕ್ಕೆ), ಒಂದು ಕ್ವಿಂಟೆಟ್ (ಐದಕ್ಕೆ), ಒಂದು ಪೂರ್ತಿ ಸಿಂಫನಿ. ಇದರಲ್ಲಿ 1866ರ ಆಕ್ಟೆಟ್ ಬಗ್ಗೆ ಒಂದೆರಡು ಮಾತು ಜಾಸ್ತಿ ಹೇಳಲೇಬೇಕು. ನಾಲ್ಕು ಪಿಟೀಲು, ಎರಡು ವಿಯೋಲಾ, ಎರಡು ಚೆಲ್ಲೋ, ಇಷ್ಟೇ. ಇದೇ ಎಂಟು ವಾದ್ಯಗಳಿಗೆ ಮೆಂಡೆಲ್‌ಸನ್ 1825ರಲ್ಲಿ ಬರೆದ ಆಕ್ಟೆಟ್ ಎಲ್ಲರಿಗೂ ಗೊತ್ತು, ಅದೂ ಮೆಂಡೆಲ್‌ಸನ್ನರ ಊರೇ ಆಗಿದ್ದ ಲೈಪ್ಜಿಗ್‌ನಲ್ಲಿ ಕೂತು ಇನ್ನೊಂದು ಆಕ್ಟೆಟ್ ಬರೆಯೋದು ಅಂದರೆ ಹೋಲಿಕೆಯನ್ನು ಕೈಯಾರೆ ಕರೆದ ಹಾಗೆ. ಸ್ವೆನ್ಸನ್ ಅದಕ್ಕೆ ಹೆದರಲಿಲ್ಲ. ಮೆಂಡೆಲ್‌ಸನ್ನರದ್ದು ಹಗುರ, ರೆಕ್ಕೆ ಕಟ್ಟಿಕೊಂಡು ಹಾರುವ ಸಂಗೀತ. ಸ್ವೆನ್ಸನ್ನರದ್ದು ನೆಲಕ್ಕೆ ಕಾಲೂರಿ ಕುಣಿಯುತ್ತದೆ. ಎರಡನೇ ಭಾಗ, ಅಂದರೆ ಸ್ಕೆರ್ಟ್ಸೋ, ಕೇಳಿ. ಒತ್ತು ಬೀಳುವ ಜಾಗ ಜಾರುತ್ತಾ ಹೋಗುತ್ತದೆ, ಒಬ್ಬರು ಬಿಟ್ಟ ತುಣುಕನ್ನು ಇನ್ನೊಬ್ಬರು ಹಿಡಿಯುತ್ತಾರೆ, ನಾರ್ವೆಯ ಹಳ್ಳಿ ಕುಣಿತದ ಲಯ ಇಲ್ಲಿ ಆಗಲೇ ಎದ್ದು ಕಾಣುತ್ತದೆ. ಎಂಟೂ ಜನರಿಗೆ ಕೆಲಸ ಇದೆ, ಯಾರೂ ಸುಮ್ನೆ ಜೊತೆಗೆ ಕುಯ್ಯೋ ಹಾಗಿಲ್ಲ. ಎರಡನೇ ಚೆಲ್ಲೋದವರಿಗೂ ಹೇಳೋಕೆ ಏನೋ ಇರುತ್ತದೆ. ವಾದ್ಯದವರ ನಡುವೆ ಬೆಳೆದವರು ಬರೆದದ್ದು ಅಂತ ನುಡಿಸಿದ ಕೂಡಲೇ ಗೊತ್ತಾಗುತ್ತದೆ.

ಇನ್ನು ಮೊದಲ ಸಿಂಫನಿ, ಡಿ ಮೇಜರ್ (ಒಂದು ಸ್ವರಶ್ರೇಣಿ), ಓಪಸ್ (ಕೃತಿ ಸಂಖ್ಯೆ) 4. 1867ರ ಅಕ್ಟೋಬರಿನಲ್ಲಿ ಸ್ವೆನ್ಸನ್ ಕ್ರಿಸ್ಟಿಯಾನಿಯಾಕ್ಕೆ ಬಂದು ಅದನ್ನು ತಾವೇ ಕಂಡಕ್ಟ್ ಮಾಡಿದರು. ಕೇಳುವವರಲ್ಲಿ ಗ್ರೀಗ್ ಇದ್ದರು, ಆಗ ಅವರಿಗೆ ಇಪ್ಪತ್ನಾಲ್ಕು. ಪತ್ರಿಕೆಯಲ್ಲಿ ಅದನ್ನು ಬಾಯ್ತುಂಬ ಹೊಗಳಿ ಬರೆದರು. ಗ್ರೀಗ್ ಹತ್ತಿರ ಆಗ ತಮ್ಮದೇ ಒಂದು ಸಿಂಫನಿ ಇತ್ತು, ಸಿ ಮೈನರ್‌ನಲ್ಲಿ, ಮೂರ್ನಾಲ್ಕು ವರ್ಷ ಹಿಂದೆ ಬರೆದದ್ದು. ಆ ಸ್ಕೋರಿನ (ಬರೆದಿಟ್ಟ ಸ್ವರಲಿಪಿಯ) ಮೇಲೆ ಅವರು, ಇದನ್ನು ಎಂದೂ ನುಡಿಸಕೂಡದು ಅಂತ ಬರೆದಿಟ್ಟರು. ಸ್ವೆನ್ಸನ್ನರ ಸಿಂಫನಿ ಕೇಳಿದ ಮೇಲೆ ತಮ್ಮದು ಸಪ್ಪೆ ಅನ್ನಿಸಿತು ಅನ್ನೋದು ಇದಕ್ಕೆ ಸಾಮಾನ್ಯವಾಗಿ ಎಲ್ಲರೂ ಕೊಡುವ ಕಾರಣ. ಆ ಸ್ಕೋರು ನೂರಕ್ಕೂ ಜಾಸ್ತಿ ವರ್ಷ ಮುಚ್ಚಿಯೇ ಇತ್ತು, 1980ರ ದಶಕ ಶುರುವಾಗುವ ಹೊತ್ತಿಗೆ ಮಾತ್ರ ಮತ್ತೆ ಕಿವಿಗೆ ಬಿತ್ತು. ಗ್ರೀಗ್ ಮತ್ತೆ ಸಿಂಫನಿ ಬರೆಯಲೇ ಇಲ್ಲ. ಇವತ್ತು ಗ್ರೀಗ್ ಹೆಸರು ಎಲ್ಲರಿಗೂ ಗೊತ್ತು, ಸ್ವೆನ್ಸನ್ ಹೆಸರನ್ನು ಹುಡುಕಿಕೊಂಡು ಹೋಗಬೇಕು. ಆದರೆ ಅವತ್ತು ಸಿಂಫನಿ ವಿಷಯದಲ್ಲಿ ಯಾರು ಮುಂದೆ ಅನ್ನೋದರ ಬಗ್ಗೆ ಗ್ರೀಗ್‌ಗೇ ಅನುಮಾನ ಇರಲಿಲ್ಲ. ಇಷ್ಟಾದರೂ ಇಬ್ಬರ ಸ್ನೇಹ ಕೊನೆವರೆಗೂ ಉಳಿಯಿತು, ಒಬ್ಬರ ಸಂಗೀತವನ್ನು ಇನ್ನೊಬ್ಬರು ನುಡಿಸಿದರು, ಮೆಚ್ಚಿದರು. ನನಗೆ ಇಬ್ಬರ ಮೇಲೂ ಗೌರವ ಹುಟ್ಟಿಸುವ ಸಂಗತಿ ಇದು.

ಮುಂದಿನ ಐದು ವರ್ಷ ಸ್ವೆನ್ಸನ್ ಒಂದು ಕಡೆ ನಿಲ್ಲಲಿಲ್ಲ. ಪ್ಯಾರಿಸ್‌ನಲ್ಲಿ ಎರಡು ವರ್ಷ, ಥಿಯೇಟರ್ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಾ. ಪಿಟೀಲು ಕನ್ಸರ್ಟೋ, ಚೆಲ್ಲೋ ಕನ್ಸರ್ಟೋ ಎರಡೂ 1870ಕ್ಕೆ ಮುಗಿದವು. 1871ರಲ್ಲಿ ನ್ಯೂಯಾರ್ಕ್‌ಗೆ ಹೋಗಿ ಸಾರಾ ಎಂಬ ಅಮೆರಿಕನ್ ಮಹಿಳೆಯನ್ನು ಮದುವೆಯಾದರು. ನೀವು ಕೇಳಿದ ಕಥೆಯ ಹೆಂಡತಿ ಇವರೇ. 1872ರ ಮೇ 22ರಂದು ಬೈರಾಯ್ಟ್‌ನಲ್ಲಿ ಜರ್ಮನಿಯ ಒಪೆರಾ (ಹಾಡಿನ ನಾಟಕ) ರಚನಕಾರ ವಾಗ್ನರ್ ತಮ್ಮ ಹೊಸ ಥಿಯೇಟರಿಗೆ ಅಡಿಗಲ್ಲು ಹಾಕಿ, ಬೀಥೋವನ್ನರ ಒಂಬತ್ತನೇ ಸಿಂಫನಿಯನ್ನು ಕಂಡಕ್ಟ್ ಮಾಡಿದರಲ್ಲ, ಆ ಆರ್ಕೆಸ್ಟ್ರಾದಲ್ಲಿ ಪಿಟೀಲು ಹಿಡಿದು ಕೂತವರಲ್ಲಿ ಸ್ವೆನ್ಸನ್ ಕೂಡ ಒಬ್ಬರು. ವಾಗ್ನರ್ ಮನೆಯ ಸ್ನೇಹವೂ ಆಯಿತು. ಆದರೆ ಅಲ್ಲಿಗೆ ಹೋದ ಎಷ್ಟೋ ಯುವಕರ ಹಾಗೆ ಇವರು ವಾಗ್ನರ್ ಥರ ಬರೆಯೋಕೆ ಶುರು ಮಾಡಲಿಲ್ಲ.

ಅದೇ ವರ್ಷ ಕ್ರಿಸ್ಟಿಯಾನಿಯಾಕ್ಕೆ ವಾಪಸ್. ಅಲ್ಲಿ ಗ್ರೀಗ್ 1871ರಲ್ಲಿ ಮ್ಯೂಸಿಕ್‌ಫೊರೆನಿಂಗೆನ್ ಅನ್ನೋ ಸಂಗೀತ ಸಂಘ ಕಟ್ಟಿದ್ದರು. ಸ್ವೆನ್ಸನ್ ಬಂದು ಕೈಜೋಡಿಸಿದರು, ಸ್ವಲ್ಪ ಕಾಲದಲ್ಲೇ ಕಂಡಕ್ಟಿಂಗಿನ ಹೊರೆ ಹೆಚ್ಚಾಗಿ ಅವರ ಮೇಲೇ ಬಿತ್ತು. 1874ರಲ್ಲಿ ನಾರ್ವೆಯ ಪಾರ್ಲಿಮೆಂಟು ಗ್ರೀಗ್, ಸ್ವೆನ್ಸನ್ ಇಬ್ಬರಿಗೂ ವರ್ಷಕ್ಕೆ 1600 ಕ್ರೋನರ್ ಗೌರವಧನ ಕೊಡಲು ಶುರು ಮಾಡಿತು. 1872ರಿಂದ 1877ರವರೆಗಿನ ಈ ಐದು ವರ್ಷ ಅವರ ಬರವಣಿಗೆಯ ಸುಗ್ಗಿ. ಕಾರ್ನಿವಲ್ ಇನ್ ಪ್ಯಾರಿಸ್, ಉತ್ಸವದ ಪೊಲೊನೇಸ್ (ಪೋಲೆಂಡಿನ ಕುಣಿತ), ಸ್ಪೇನಿನ ಅಲ್ಹಾಂಬ್ರಾ ಕೋಟೆಯ ಕಥೆ ಹೇಳುವ ಜೋರಾಹೈಡಾ, ನಾರ್ವೇಜಿಯನ್ ಕಲಾವಿದರ ಕಾರ್ನಿವಲ್, ಬಿ ಫ್ಲಾಟ್ ಮೇಜರ್‌ನ ಎರಡನೇ ಸಿಂಫನಿ, ರೋಮಿಯೋ ಮತ್ತು ಜೂಲಿಯೆಟ್, ಕೊನೆಗೆ ನಾಲ್ಕು ನಾರ್ವೇಜಿಯನ್ ರಾಪ್ಸೋಡಿ (ಧಾಟಿಗಳನ್ನು ಸಡಿಲವಾಗಿ ಹೆಣೆದ ಕೃತಿ). ಎಲ್ಲಾ ಈ ಅವಧಿಯಲ್ಲೇ.

ರಾಪ್ಸೋಡಿಗಳಿಗೆ ಬಳಸಿದ್ದು ಜನಪದ ಧಾಟಿಗಳನ್ನು. ಲಿಂಡೆಮನ್ ಅನ್ನೋವರು ಹಳ್ಳಿ, ಬೆಟ್ಟ ಅಂತ ಅಲೆದು ಸಾವಿರಾರು ಧಾಟಿ ಬರೆದಿಟ್ಟುಕೊಂಡಿದ್ದರು, ಗ್ರೀಗ್ ಕೂಡ ಅದೇ ಗಣಿಯಿಂದ ತೆಗೆದವರು. ಆ ಧಾಟಿಗಳ ಹಿಂದೆ ಹಾರ್ಡಾಂಗರ್ ಪಿಟೀಲು ಇದೆ. ಅದರಲ್ಲಿ ಮೇಲಿನ ನಾಲ್ಕು ತಂತಿಯ ಕೆಳಗೆ ಇನ್ನೂ ನಾಲ್ಕೈದು ತಂತಿ ಇರುತ್ತವೆ, ಅವನ್ನು ಬಿಲ್ಲು ಮುಟ್ಟಲ್ಲ, ನಮ್ಮ ಸಾರಂಗಿ, ಸಿತಾರ್‌ನ ತರಬ್ ತಂತಿಗಳ ಹಾಗೆ ತಾವೇ ಮಿಡಿಯುತ್ತವೆ. ಆ ಗುಂಯ್‌ಗುಡುವ ಶ್ರುತಿಯನ್ನು ಸ್ವೆನ್ಸನ್ ಸಾಮಾನ್ಯ ಆರ್ಕೆಸ್ಟ್ರಾದಿಂದ ಹೊರಡಿಸುತ್ತಾರೆ. ಕೆಳಗೆ ಒಂದೇ ಸ್ವರ ಎಳೆದು ನಿಲ್ಲಿಸಿ, ಮೇಲೆ ಕುಣಿತ ಬಿಡುತ್ತಾರೆ. ಇದೇ ಕಾಲದ ಇನ್ನೊಂದು ಸಣ್ಣ ಕೃತಿ ಇದೆ, 1874ರದ್ದು, ಬರೀ ತಂತಿವಾದ್ಯಗಳಿಗೆ. ಹೋದ ವರ್ಷ ನಾನು ಆಡು ಮೇಯಿಸುತ್ತಿದ್ದೆ ಅನ್ನೋ ಹಳ್ಳಿ ಹಾಡಿನ ಮೇಲೆ ಕಟ್ಟಿದ್ದು. ಹಾಡು ಒಂದೇ, ಪ್ರತಿ ಸಲ ಬಂದಾಗ ಅದರ ಕೆಳಗಿನ ಸ್ವರಮೇಳ ಬದಲಾಗುತ್ತದೆ. ಆರ್ಭಟ ಇಲ್ಲ. ಅವರ ಕೈಚಳಕ ನೋಡಬೇಕು ಅಂದರೆ ದೊಡ್ಡ ಕೃತಿಗಿಂತ ಇಲ್ಲಿ ಜಾಸ್ತಿ ಸಿಗುತ್ತದೆ ಅಂತ ನನ್ನ ಅನಿಸಿಕೆ.

ಇಷ್ಟೆಲ್ಲ ಬರೆಯುತ್ತಿದ್ದರೂ ಊರಲ್ಲಿ ಒಂದು ಕೊರತೆ ಹಾಗೇ ಉಳಿದಿತ್ತು. ಕ್ರಿಸ್ಟಿಯಾನಿಯಾದಲ್ಲಿ ವರ್ಷಪೂರ್ತಿ ಸಿಂಫನಿಗೆ ಅಂತಲೇ ಇರುವ ಆರ್ಕೆಸ್ಟ್ರಾ ಇರಲಿಲ್ಲ. ವೃತ್ತಿಯವರು, ಹವ್ಯಾಸಿಗಳು ಎಲ್ಲರನ್ನೂ ಸೇರಿಸಿ ಕಚೇರಿ ನಡೆಸಬೇಕಿತ್ತು. ತನ್ನ ಕಿವಿಯಲ್ಲಿ ಲೈಪ್ಜಿಗ್, ಪ್ಯಾರಿಸ್‌ನ ನಾದ ಇಟ್ಟುಕೊಂಡು ಬಂದ ಮನುಷ್ಯನಿಗೆ ಇದು ಎಷ್ಟು ಕಷ್ಟ ಆಗಿರಬೇಕು! 1877ರಲ್ಲಿ ಮತ್ತೆ ಹೊರಟರು, ಮ್ಯೂನಿಕ್, ರೋಮ್, ಲಂಡನ್, ಪ್ಯಾರಿಸ್. 1880ಕ್ಕೆ ವಾಪಸ್ ಬಂದು ಇನ್ನೂ ಮೂರು ವರ್ಷ ಪ್ರಯತ್ನಪಟ್ಟರು. 1881ರಲ್ಲಿ ಪಿಟೀಲು ಮತ್ತು ಆರ್ಕೆಸ್ಟ್ರಾಗೆ ರೊಮಾನ್ಸ್ (ಹಾಡಿನಂಥ ಸಣ್ಣ ಕೃತಿ) ಬರೆದರು. ಜಿ ಮೇಜರ್, ಎಂಟು ನಿಮಿಷದ ಆಸುಪಾಸು. ಜಗತ್ತಿನಲ್ಲಿ ಅವರ ಹೆಸರು ಹೆಚ್ಚಾಗಿ ಉಳಿದಿರುವುದು ಇದೊಂದರಿಂದಲೇ.

ಈಗ ಬೆಂಕಿಯ ಕಥೆಗೆ ಬರೋಣ. ಹೇಳೋದು ಹೀಗೆ: 1880ರ ದಶಕದ ಶುರುವಿನಲ್ಲಿ ಒಂದು ಹೂಗುಚ್ಛ ಸ್ವೆನ್ಸನ್ ಮನೆಗೆ ಬಂತು, ಅದರೊಳಗೆ ಇನ್ನೊಬ್ಬ ಹೆಂಗಸಿನ ಚೀಟಿ ಇತ್ತು. ಸಾರಾ ಸಿಟ್ಟಿಗೆದ್ದು ಮೂರನೇ ಸಿಂಫನಿಯ ಹಸ್ತಪ್ರತಿಯನ್ನೇ ಬೆಂಕಿಗೆ ಎಸೆದರು. ಇದು ನಾರ್ವೆಯ ನಾಟಕಕಾರ ಇಬ್ಸನ್ ಕಿವಿಗೂ ಬಿದ್ದು, 1890ರ ಹೆಡ್ಡಾ ಗಾಬ್ಲರ್ ನಾಟಕದಲ್ಲಿ ಹೆಡ್ಡಾ ಹಸ್ತಪ್ರತಿ ಸುಡುವ ದೃಶ್ಯ ಹುಟ್ಟಿತು ಅಂತಾರೆ. ದಾಂಪತ್ಯ ಚೆನ್ನಾಗಿರಲಿಲ್ಲ ಅನ್ನೋದಂತೂ ನಿಜ. ಬೇರೆಯಾಗಿ, ಕೊನೆಗೆ 1901ರಲ್ಲಿ ವಿಚ್ಛೇದನವೂ ಆಯಿತು, ಅದೇ ವರ್ಷ ಅವರು ಬ್ಯಾಲೆ ಕಲಾವಿದೆ ಜೂಲಿಯೆಟ್ ಹಾಸೆಯವರನ್ನು ಮದುವೆಯಾದರು. ಮೂರನೇ ಸಿಂಫನಿಯದ್ದು ಅಂತ ತಿಳಿಯಲಾದ ಕರಡುಗಳು ನಮ್ಮ ಕಾಲದಲ್ಲಿ ಸಿಕ್ಕಿವೆ, ಕಂಡಕ್ಟರ್ ಬ್ಯಾರ್ಟೆ ಎಂಗೆಸೆಟ್ ಅವುಗಳ ಬೆನ್ನು ಹತ್ತಿದವರು.

ಆದರೆ ಇಸವಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಕೊನೆಯ ರಾಪ್ಸೋಡಿ 1877. ಅದಾದ ಮೇಲೆ ಹೆಸರಿಸುವಂಥದ್ದು 1881ರ ರೊಮಾನ್ಸ್. ಅಂದರೆ ಬೆಂಕಿ ಬೀಳುವುದಕ್ಕೆ ಮುಂಚೆಯೇ ಐದಾರು ವರ್ಷದಿಂದ ಬರವಣಿಗೆ ಇಳಿಮುಖ ಆಗಿತ್ತು. ಒಂದು ಹಸ್ತಪ್ರತಿ ಹೋದರೆ ಸಂಕಟ ಆಗುತ್ತದೆ, ನಿಜ. ಆದರೆ ಅದನ್ನು ಬರೆದವರು ಅಷ್ಟರ ಮೇಲೆ ಇಪ್ಪತ್ತೆಂಟು ವರ್ಷ ಬದುಕಿದ್ದರು, ಕೈಯಲ್ಲಿ ಯುರೋಪಿನ ಒಂದು ಅತ್ಯುತ್ತಮ ಆರ್ಕೆಸ್ಟ್ರಾ ಇತ್ತು, ತಲೆಯಲ್ಲಿದ್ದದ್ದನ್ನು ಮತ್ತೆ ಬರೆಯಬಹುದಿತ್ತು. ಬರೆಯಲಿಲ್ಲ. ಸಿಟ್ಟಿಗೆದ್ದ ಹೆಂಡತಿ, ಹೂವು, ಬೆಂಕಿ, ಇಬ್ಸನ್, ಇಷ್ಟು ಸೇರಿದರೆ ಕಥೆ ಬಾಯಿಂದ ಬಾಯಿಗೆ ಹೋಗೋದು ಸಹಜ. ಆದರೆ ಒಬ್ಬ ಕಲಾವಿದನ ಇಡೀ ಉತ್ತರಾರ್ಧದ ಹೊಣೆಯನ್ನು ಸಾರಾ ತಲೆಗೆ ಕಟ್ಟೋದು ಅನ್ಯಾಯ ಅಂತ ನನಗೆ ಅನ್ನಿಸುತ್ತದೆ.

1883ರಲ್ಲಿ ನಡೆದ ಇನ್ನೊಂದು ಸಂಗತಿ ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡದು. ಕೋಪನ್‌ಹೇಗನ್‌ನ ರಾಯಲ್ ಥಿಯೇಟರ್ ಅವರನ್ನು ಮುಖ್ಯ ಕಂಡಕ್ಟರ್ ಆಗಿ ಕರೆಯಿತು. ಅಲ್ಲಿನ ರಾಯಲ್ ಆರ್ಕೆಸ್ಟ್ರಾ ತನ್ನ ಬೇರನ್ನು 1448ರವರೆಗೆ ಎಳೆಯುತ್ತದೆ, ಜಗತ್ತಿನ ಅತಿ ಹಳೆಯ ಆರ್ಕೆಸ್ಟ್ರಾಗಳಲ್ಲಿ ಒಂದು. ನಲವತ್ತೆರಡರ ಸ್ವೆನ್ಸನ್ ಹೋದರು, 1908ರವರೆಗೂ ಅಲ್ಲೇ ಇದ್ದರು. ಈ ಕೆಲಸ ಅಂದರೆ ಏನು ಅಂತ ಯೋಚಿಸಿ. ಸೀಸನ್ ಪೂರ್ತಿ ಒಪೆರಾ, ಬ್ಯಾಲೆ, ಜೊತೆಗೆ ಸಿಂಫನಿ ಕಚೇರಿಗಳು. ಬೆಳಿಗ್ಗೆ ರಿಹರ್ಸಲ್, ರಾತ್ರಿ ಪ್ರದರ್ಶನ, ನಡುವೆ ಹಾಡುಗಾರರ ತಾಲೀಮು, ಹೊಸ ಸ್ಕೋರು ಓದೋದು. ಬರೆಯೋಕೆ ಬೇಕಾದ ಉದ್ದನೆಯ, ಖಾಲಿ ದಿನಗಳು ಇಂಥ ಕೆಲಸದಲ್ಲಿ ಎಲ್ಲಿ ಸಿಗಬೇಕು? ಬೇಡಿಕೆ ಬಂದಾಗ ಬರೆದರು, 1892ರಲ್ಲಿ ಡೆನ್ಮಾರ್ಕಿನ ರಾಜ-ರಾಣಿಯರ ಮದುವೆಯ ಐವತ್ತನೇ ವರ್ಷಕ್ಕೆ ಒಂದು ಬ್ಯಾಲೆ ಮಾಡಿದರು. ಅಷ್ಟೇ. ಆರೋಗ್ಯವೂ ಕ್ರಮೇಣ ಕೈಕೊಟ್ಟಿತು.

ಆ ವರ್ಷಗಳಲ್ಲಿ ಅವರು ಏನು ಮಾಡಿದರು ಅನ್ನೋಕೆ ಒಂದೇ ಒಂದು ಸಂಜೆ ಸಾಕು, 1894ರ ಮಾರ್ಚ್ 14. ಆರ್ಕೆಸ್ಟ್ರಾದ ಎರಡನೇ ಪಿಟೀಲುಗಳ ಸಾಲಿನಲ್ಲಿ ಇಪ್ಪತ್ತೆಂಟರ ಒಬ್ಬ ಯುವಕ ಕೂತಿದ್ದ. 1889ರಿಂದ ಅಲ್ಲೇ ನುಡಿಸುತ್ತಿದ್ದವನು. ಹೆಸರು ಕಾರ್ಲ್ ನೀಲ್ಸನ್. ಅವತ್ತು ಸ್ವೆನ್ಸನ್ ಕಂಡಕ್ಟ್ ಮಾಡಿದ್ದು ನೀಲ್ಸನ್ನರ ಮೊದಲ ಸಿಂಫನಿಯನ್ನು, ಮೊಟ್ಟಮೊದಲ ಬಾರಿಗೆ. ಮುಗಿದ ಮೇಲೆ ಚಪ್ಪಾಳೆ ನಿಲ್ಲಲಿಲ್ಲ, ಕಂಪೋಸರ್ ತನ್ನ ಪಿಟೀಲಿನ ಜಾಗದಿಂದ ಎದ್ದು ಬಂದು ಮತ್ತೆ ಮತ್ತೆ ನಮಸ್ಕಾರ ಮಾಡಬೇಕಾಯಿತು. ಬ್ಯಾಂಡಿನ ಸಾಲಿನಿಂದ ಎದ್ದು ಬಂದವರು ಸ್ವೆನ್ಸನ್. ತನ್ನ ಕೈಕೆಳಗಿನ ಸಾಲಿನಿಂದ ಎದ್ದ ಇನ್ನೊಬ್ಬನಿಗೆ ತನ್ನ ಆರ್ಕೆಸ್ಟ್ರಾವನ್ನೇ ಬಿಟ್ಟುಕೊಟ್ಟರು. ಡೆನ್ಮಾರ್ಕಿನ ಅತಿ ದೊಡ್ಡ ಕಂಪೋಸರ್ ಯಾರು ಅಂದರೆ ಇವತ್ತು ಎಲ್ಲರೂ ನೀಲ್ಸನ್ ಅಂತಾರೆ. ಆರ್ಕೆಸ್ಟ್ರಾ ಅಂದರೇನು ಅಂತ ಆತ ಹದಿನಾರು ವರ್ಷ ಕಲಿತದ್ದು ಸ್ವೆನ್ಸನ್ನರ ಕೋಲಿನ ಕೆಳಗೆ. 1908ರಲ್ಲಿ ಸ್ವೆನ್ಸನ್ ನಿವೃತ್ತರಾದಾಗ ಅಲ್ಲಿ ಕಂಡಕ್ಟರ್ ಹುದ್ದೆ ಸಿಕ್ಕಿದ್ದೂ ನೀಲ್ಸನ್‌ಗೇ. ಸ್ವೆನ್ಸನ್ ತೀರಿಕೊಂಡದ್ದು 1911ರ ಜೂನ್ 14ರಂದು, ಕೋಪನ್‌ಹೇಗನ್‌ನಲ್ಲೇ.

ನಾರ್ವೆ ಅವರನ್ನು ಉಳಿಸಿಕೊಳ್ಳಬಹುದಿತ್ತಾ? 1898ರಲ್ಲಿ ಗ್ರೀಗ್ ಬೆರ್ಗನ್‌ನಲ್ಲಿ ನಾರ್ವೆಯ ಸಂಗೀತಕ್ಕೆ ಅಂತಲೇ ದೊಡ್ಡ ಉತ್ಸವ ಮಾಡಿದರು. ಆಗಿನ ಒಂದು ಫೋಟೊ ಇದೆ, ಗ್ರೀಗ್, ಸಿಂಡಿಂಗ್, ಸ್ವೆನ್ಸನ್, ಹಾಲ್ವೋರ್ಸನ್ ಹೀಗೆ ನಾರ್ವೆಯ ರಚನಕಾರರೆಲ್ಲಾ ಸಾಲಾಗಿ, ನಡುವೆ ಒಬ್ಬರೇ ಮಹಿಳೆ, ಅಗಾಥೆ ಬಾಕರ್ ಗ್ರೋಂಡಾಲ್. ನಾರ್ವೆಯ ಪ್ರತಿಭೆಯೆಲ್ಲ ಒಂದೇ ಚೌಕಟ್ಟಿನಲ್ಲಿದೆ. ಆದರೆ ಇವರ ಸಂಗೀತ ನುಡಿಸೋಕೆ ಗ್ರೀಗ್ ಆರ್ಕೆಸ್ಟ್ರಾ ಕರೆಸಿದ್ದು ಆಮ್‌ಸ್ಟರ್‌ಡಾಮ್‌ನಿಂದ, ಮೆಂಗೆಲ್‌ಬರ್ಗ್‌ರ ಕನ್ಸರ್ಟ್‌ಖೆಬೌ. ಸ್ವೆನ್ಸನ್ ಊರು ಬಿಟ್ಟು ಹದಿನೈದು ವರ್ಷ ಆದಮೇಲೂ ಸ್ಥಿತಿ ಹೀಗಿತ್ತು. ಇವತ್ತಿನ ಓಸ್ಲೋ ಫಿಲ್‌ಹಾರ್ಮೋನಿಕ್ ಶುರುವಾಗಿದ್ದು 1919ರಲ್ಲಿ, ಅವರು ಹೋಗಿ ಎಂಟು ವರ್ಷಕ್ಕೆ.

ಇನ್ನು ಎಲ್ಲಿಂದ ಕೇಳಬೇಕು ಅಂತ ಕೇಳಿದ್ದೀರಿ. ಸಿಂಫನಿ ಎರಡೂ ಆಗಲೇ ಕೇಳಿದ್ದೀರಲ್ಲ, ಹಾಗಾದರೆ ಈಗ ಆಕ್ಟೆಟ್ ಹಾಕಿಕೊಳ್ಳಿ. ಮೊದಲು ಮೆಂಡೆಲ್‌ಸನ್ನರದ್ದು, ಹಿಂದೆಯೇ ಸ್ವೆನ್ಸನ್ನರದ್ದು ಕೇಳಿದರೆ ವ್ಯತ್ಯಾಸ ತಾನಾಗೇ ತಿಳಿಯುತ್ತದೆ. ಆಮೇಲೆ ಕಾರ್ನಿವಲ್ ಇನ್ ಪ್ಯಾರಿಸ್, ಹನ್ನೆರಡು ನಿಮಿಷದ ಸುಮಾರು. ಶುರುವಿನಲ್ಲಿ ಊದುವ ವಾದ್ಯಗಳು ಒಂದನ್ನೊಂದು ಕೂಗಿ ಕರೆಯೋದನ್ನು ಗಮನಿಸಿ, ನಡುವೆ ತಂತಿವಾದ್ಯಗಳ ಮೆಲುದನಿ ಬರುತ್ತದೆ, ಗದ್ದಲ ಮತ್ತೆ ಹೇಗೆ ಒಳಗೆ ನುಗ್ಗುತ್ತದೆ ನೋಡಿ. ಕಲಾವಿದರ ಕಾರ್ನಿವಲ್‌ನಲ್ಲಿ ನೇಪಲ್ಸ್‌ನ ಒಂದು ಹಾಡು, ನಾರ್ವೆಯ ಹಳ್ಳಿ ಧಾಟಿ ಎರಡೂ ಒಟ್ಟಿಗೆ ಓಡುತ್ತವೆ, ಅದು ಆರೇಳು ನಿಮಿಷದ ಸಂತೋಷ. ರಾಪ್ಸೋಡಿಗಳನ್ನು ನಾಲ್ಕೂ ಒಟ್ಟಿಗೆ ಕೇಳಬೇಡಿ, ದಿನಕ್ಕೊಂದು ಸಾಕು. ಕನ್ಸರ್ಟೋ ಎರಡನ್ನೂ ಕೊನೆಗೆ ಇಟ್ಟುಕೊಳ್ಳಿ. ಅವುಗಳಲ್ಲಿ ಸೋಲೋ ವಾದ್ಯದವರು ಮೆರೆಯೋದಿಲ್ಲ, ಆರ್ಕೆಸ್ಟ್ರಾದೊಳಗೆ ಬೆರೆತು ನಡೆಯುತ್ತಾರೆ. ಅಬ್ಬರ ನಿರೀಕ್ಷಿಸಿ ಕೂತರೆ ನಿರಾಸೆ ಆಗುತ್ತದೆ.

ರೆಕಾರ್ಡಿಂಗ್ ವಿಷಯಕ್ಕೆ ಬಂದರೆ, ಸಿಂಫನಿಗಳಿಗೆ ಮಾರಿಸ್ ಯಾನ್ಸನ್ಸ್ ಮತ್ತು ಓಸ್ಲೋ ಫಿಲ್‌ಹಾರ್ಮೋನಿಕ್ ನನ್ನ ಮೊದಲ ಆಯ್ಕೆ, ಲಯ ಬಿಗಿ, ಊದುವ ವಾದ್ಯಗಳು ಸ್ಪಷ್ಟ. ನೀಮೆ ಯಾರ್ವಿ ಗೋಥೆನ್‌ಬರ್ಗ್ ಆರ್ಕೆಸ್ಟ್ರಾ ಜೊತೆ ಮಾಡಿದ್ದೂ ಚೆನ್ನಾಗಿದೆ. ಯಾರ್ವಿಯವರೇ ಬೆರ್ಗನ್ ಫಿಲ್‌ಹಾರ್ಮೋನಿಕ್ ಜೊತೆ ಉಳಿದ ಆರ್ಕೆಸ್ಟ್ರಾ ಕೃತಿಗಳನ್ನೂ ರೆಕಾರ್ಡ್ ಮಾಡಿದ್ದಾರೆ, ಕಾರ್ನಿವಲ್‌ಗಳು, ರಾಪ್ಸೋಡಿಗಳು ಅಲ್ಲಿ ಸಿಗುತ್ತವೆ. ಎಂಗೆಸೆಟ್ ಬೋರ್ನ್‌ಮತ್ ಆರ್ಕೆಸ್ಟ್ರಾ ಜೊತೆ ಮಾಡಿದ ಸಿಂಫನಿಗಳೂ ಇವೆ. ಇದೆಲ್ಲ ಆದಮೇಲೆ ಗ್ರೀಗ್ ಮುಚ್ಚಿಟ್ಟ ಆ ಸಿ ಮೈನರ್ ಸಿಂಫನಿಯನ್ನೂ ಒಮ್ಮೆ ಕೇಳಿ, ಈಗ ಸುಲಭವಾಗಿ ಸಿಗುತ್ತದೆ. ಗ್ರೀಗ್ ತಮ್ಮ ಮೇಲೆ ತಾವೇ ತುಂಬಾ ಕಠಿಣವಾದರು ಅಂತ ನನಗೆ ಅನ್ನಿಸುತ್ತದೆ. ನಿಮಗೆ ಏನನ್ನಿಸಿತು ಅಂತ ಕೇಳಿದ ಮೇಲೆ ಬರೆದು ತಿಳಿಸಿ.